ಒಂದು ಪೆನ್ನಿ, ಒಂದು ಕಪ್ಪು ಕಾರು

ಫ್ಲಾರಿಡಾದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಮೊಮ್ಮಗ ಒಂದು ಆಟಿಕೆ ಕಾರನ್ನು ನನ್ನ ಕೈಗಿಟ್ಟು, "ತಾತ, ಇದರಲ್ಲಿ ಏನು ವಿಚಿತ್ರ ಇದೆ ಹೇಳು ನೋಡೋಣ" ಎಂದ. ಕಪ್ಪು ಕಾರು, ಬಾಗಿಲ ಮೇಲೆ ದೊಡ್ಡದಾಗಿ 3 ಎಂಬ ಅಂಕಿ. ಕನ್ನಡಕ ಏರಿಸಿ ತಿರುಗಿಸಿ ತಿರುಗಿಸಿ ನೋಡಿದೆ. ಏನೂ ಕಾಣಲಿಲ್ಲ.

"ಬಾಗಿಲು ತೆಗೆಯೋಕೇ ಬರಲ್ಲ. ಹೆಡ್‌ಲೈಟ್ ಬರೀ ಸ್ಟಿಕರ್!"

ಆಟಿಕೆ ಅಲ್ಲವೇ, ಇನ್ನೇನು ಇರುತ್ತದೆ ಎಂದೆ. ಅವನು ಗೆದ್ದವನ ಹಾಗೆ ನಕ್ಕ. "ನಿಜವಾದ ಕಾರೂ ಹಾಗೇ ಇರೋದು ತಾತ."

ನಾನು ನಂಬಲಿಲ್ಲ. ನಂಬಿಸಲೆಂದೇ ಮುಂದಿನ ವಾರ ನನ್ನನ್ನು ಡೇಟೋನಾಕ್ಕೆ ಕರೆದುಕೊಂಡು ಹೋದರು.

ಡೇಟೋನಾ ಬೀಚ್ ಸಮುದ್ರದ ದಡದ ಊರು. ಇಲ್ಲಿಯ ಮರಳು ಗಟ್ಟಿ. 1958ರವರೆಗೂ ಇಲ್ಲಿ ಕಾರಿನ ಓಟ ನಡೆಯುತ್ತಿದ್ದದ್ದು ಆ ಮರಳಿನ ಮೇಲೆಯೇ. ಅರ್ಧ ದಾರಿ ದಡದಲ್ಲಿ, ಇನ್ನರ್ಧ ಪಕ್ಕದ ಡಾಂಬರು ರಸ್ತೆಯಲ್ಲಿ. ಅಂಗಡಿಯಲ್ಲಿ ಮಾರುವಂಥದೇ ಕಾರುಗಳನ್ನು ತಂದು ಓಡಿಸುತ್ತಿದ್ದುದರಿಂದ ಅದಕ್ಕೆ ಸ್ಟಾಕ್ ಕಾರ್ ಓಟ ಎಂದು ಹೆಸರು ಬಂತು. ಬಿಲ್ ಫ್ರಾನ್ಸ್ ಎಂಬ ಸಾಹಸಿ ಇದನ್ನು ದಡದಿಂದ ಎತ್ತಿ ಊರ ಆಚೆಗೆ ತಂದು, 1959ರಲ್ಲಿ ಎರಡೂವರೆ ಮೈಲಿ ಸುತ್ತಳತೆಯ ಓಟದ ಪಥ ಕಟ್ಟಿಸಿದ. ತಿರುವುಗಳು ಇಳಿಜಾರಾಗಿರಬೇಕಲ್ಲ, ಅದಕ್ಕೆ ಬೇಕಾದ ಮಣ್ಣನ್ನು ಪಥದ ನಡುವಿನಲ್ಲೇ ಅಗೆದರು. ಅಗೆದ ಗುಂಡಿಯಲ್ಲಿ ನೀರು ತುಂಬಿ 29 ಎಕರೆಯ ಕೆರೆಯಾಯಿತು. ಇವತ್ತಿಗೂ ಇದೆ. ನಮ್ಮ ಊರುಗಳಲ್ಲಿ ಕೆರೆ ಮುಚ್ಚಿ ಮೈದಾನ ಮಾಡಿದ್ದನ್ನು ನೋಡಿ ನೋಡಿ ಸಾಕಾಗಿದ್ದ ನನಗೆ, ಮೈದಾನ ಕಟ್ಟಲು ಹೋಗಿ ಕೆರೆಯಾದದ್ದು ಕೇಳಿ ನಗು ಬಂತು.

ಪ್ರವಾಸಿಗರನ್ನು ಕೂರಿಸಿಕೊಂಡ ಗಾಡಿ ತಿರುವಿನ ಬುಡದಲ್ಲಿ ನಿಂತಿತು. ತಲೆ ಎತ್ತಿದರೆ ಎದುರಿಗೆ ರಸ್ತೆಯಲ್ಲ, ಗೋಡೆ! 31 ಡಿಗ್ರಿ ಓರೆ. ಮಲೆನಾಡಿನಲ್ಲೋ ಮಂಗಳೂರಿನ ಕಡೆಯೋ ಹೆಂಚಿನ ಮನೆಯ ಮಾಡು ನೋಡಿದ್ದೀರಲ್ಲ, ಹೆಚ್ಚುಕಮ್ಮಿ ಅಷ್ಟೇ ಇಳಿಜಾರು. ಮೂರು ಮಹಡಿ ಎತ್ತರದ ಆ ಮಾಡಿನ ಮೇಲೆ ನಲವತ್ತು ಕಾರುಗಳು ಗಂಟೆಗೆ 300 ಕಿ.ಮೀ. ವೇಗದಲ್ಲಿ ಒಂದಕ್ಕೊಂದು ಒತ್ತಿಕೊಂಡು ಹೋಗುತ್ತವೆ ಎಂದು ಊಹಿಸಿಕೊಳ್ಳಿ.

ಹಾಗಾದರೆ ಬೀಳುವುದಿಲ್ಲವೇಕೆ? ದಸರಾ ವಸ್ತುಪ್ರದರ್ಶನದಲ್ಲೋ ಜಾತ್ರೆಯಲ್ಲೋ 'ಮೃತ್ಯುಕೂಪ' ನೋಡಿದ ಅಜ್ಜ ಅಜ್ಜಿಯರಿಗೆ ಇದನ್ನು ವಿವರಿಸಬೇಕಿಲ್ಲ. ಹಲಗೆಯ ಬಾವಿಯ ಗೋಡೆಗೆ ಅಡ್ಡಡ್ಡಲಾಗಿ ಮೋಟರ್‌ಸೈಕಲ್ ಓಡಿಸುತ್ತಾ, ಕೈ ಬಿಟ್ಟು, ನಮ್ಮ ಕೈಯಿಂದ ಹತ್ತು ರೂಪಾಯಿ ನೋಟು ಕಿತ್ತುಕೊಂಡು ಹೋಗುವ ಹುಡುಗ ನೆನಪಿದ್ದಾನಲ್ಲ? ಅದೇ ಲೆಕ್ಕ. ನೇರ ಹೋಗಬೇಕೆನ್ನುವ ಗಾಡಿಯನ್ನು ಓರೆ ಗೋಡೆ ಒಳಕ್ಕೆ ತಳ್ಳಿ ತಿರುಗಿಸುತ್ತದೆ. ವೇಗ ಇದ್ದಷ್ಟೂ ಗಾಡಿ ನೆಲಕ್ಕೆ ಒತ್ತಿಕೊಳ್ಳುತ್ತದೆ. ಡೇಟೋನಾದಂಥ ದೊಡ್ಡ, ಕಡಿದಾದ ಪಥಕ್ಕೆ ಸೂಪರ್‌ಸ್ಪೀಡ್‌ವೇ ಎನ್ನುತ್ತಾರೆ. ಅಲಬಾಮಾದ ಟಾಲಡೇಗಾ ಇನ್ನೂ ದೊಡ್ಡದು: 2.66 ಮೈಲಿ, 33 ಡಿಗ್ರಿ.

ಇಲ್ಲಿ ಪ್ರತಿ ಫೆಬ್ರವರಿಯಲ್ಲಿ ನಡೆಯುವ ಓಟ ಡೇಟೋನಾ 500. 200 ಸುತ್ತು, 500 ಮೈಲಿ, ಅಂದರೆ 805 ಕಿ.ಮೀ. ಬೆಂಗಳೂರಿನಿಂದ ಹತ್ತಿರ ಹತ್ತಿರ ಪುಣೆಯಷ್ಟು ದೂರ. ಒಂದು ಸುತ್ತಿಗೆ ಸುಮಾರು 47 ಸೆಕೆಂಡು. ರೆಪ್ಪೆ ಬಡಿಯುವಷ್ಟರಲ್ಲಿ ಕ್ರಿಕೆಟ್ ಪಿಚ್ಚಿನಷ್ಟು ಉದ್ದ ದಾಟಿರುತ್ತದೆ. ಮೊದಲ ವರ್ಷ ಗೆದ್ದದ್ದು ಯಾರೆಂದು ತೀರ್ಮಾನಿಸಲು ಮೂರು ದಿನ ಬೇಕಾಯಿತಂತೆ! ಎರಡು ಕಾರು ಒಟ್ಟಿಗೇ ಗೆರೆ ದಾಟಿದ್ದವು. ಫೋಟೊ, ಸುದ್ದಿಚಿತ್ರದ ರೀಲು ಎಲ್ಲ ನೋಡಿ ಕೊನೆಗೆ ಲೀ ಪೆಟ್ಟಿ ಗೆದ್ದನೆಂದರು. ಈ ಹೆಸರು ನೆನಪಿರಲಿ, ಮುಂದೆ ಬರುತ್ತದೆ.

ಈಗ ಮೊಮ್ಮಗನ ಕಪ್ಪು ಕಾರಿಗೆ ಬರೋಣ. ಅದು ಡೇಲ್ ಅರ್ನ್‌ಹಾರ್ಟ್ ಎಂಬ ಚಾಲಕನ ಕಾರು. ಉತ್ತರ ಕೆರೊಲಿನಾದ ಕನ್ನಾಪೊಲಿಸ್ ಎಂಬ ಊರಿನವನು, 1951ರಲ್ಲಿ ಹುಟ್ಟಿದವನು. ಊರಿನ ಹೆಸರಲ್ಲಿ 'ಕನ್ನ' ಇದೆಯೆಂದು ಸಂಭ್ರಮಪಡಬೇಡಿ, ನಮಗೂ ಅದಕ್ಕೂ ಸಂಬಂಧವಿಲ್ಲ. ಅಪ್ಪ ರಾಲ್ಫ್ ಕೂಡ ಓಟದ ಚಾಲಕ. ಮಗ ಒಂಬತ್ತನೇ ತರಗತಿಗೆ ಶಾಲೆ ಬಿಟ್ಟ. ಅಪ್ಪನಿಗೆ ಅದು ಹಿಡಿಸಿರಲಿಲ್ಲ, ಮಗನಿಗೂ ಆಮೇಲೆ ಅದರ ಬಗ್ಗೆ ನೋವಿತ್ತು. ಆದರೆ ಕಾರಿನಲ್ಲಿ ಕೂತರೆ ಬೇರೆಯೇ ಮನುಷ್ಯ. ಏಳು ಸಲ ಅಮೆರಿಕದ ಚಾಂಪಿಯನ್ ಆದ.

ಆದರೆ ಡೇಟೋನಾ 500 ಮಾತ್ರ ಒಲಿಯಲಿಲ್ಲ. ಅದೇ ಪಥದ ಬೇರೆ ಓಟಗಳನ್ನು ಎಷ್ಟೋ ಸಲ ಗೆದ್ದ, ದೊಡ್ಡ ಓಟ ಬಂದಾಗ ಏನಾದರೊಂದು ವಿಘ್ನ. 1986ರಲ್ಲಿ ಇನ್ನು ಮೂರು ಸುತ್ತಿರುವಾಗ ಪೆಟ್ರೋಲ್ ಮುಗಿಯಿತು. 1990ರಲ್ಲಿ 200ರಲ್ಲಿ 155 ಸುತ್ತು ಅವನೇ ಮುಂದಿದ್ದ. ಕೊನೆಯ ಸುತ್ತಿನ ಮೂರನೇ ತಿರುವಿನಲ್ಲಿ, ಗೆಲ್ಲಲು ಒಂದು ಮೈಲಿಯೂ ಇಲ್ಲದಿರುವಾಗ, ರಸ್ತೆಯಲ್ಲಿ ಬಿದ್ದಿದ್ದ ಲೋಹದ ಚೂರೊಂದು ಟೈರ್ ಸೀಳಿತು. 1991ರಲ್ಲಿ ಓಡುತ್ತಿದ್ದ ಕಾರಿಗೆ ಕಡಲಹಕ್ಕಿ ಬಂದು ಬಡಿಯಿತು, ಸಾಲದ್ದಕ್ಕೆ ಕೊನೆಗೆ ಅಪಘಾತ. 1993 ಮತ್ತು 1996ರಲ್ಲಿ ಎರಡನೆಯ ಸ್ಥಾನ, ಎರಡು ಸಲವೂ ಅದೇ ಎದುರಾಳಿಯ ಹಿಂದೆ. 1997ರಲ್ಲಿ ಕಾರು ಉರುಳಿಬಿತ್ತು. ಆಂಬುಲೆನ್ಸ್ ಹತ್ತಲು ಹೋದವನು ತಿರುಗಿ ನೋಡುತ್ತಾನೆ, ನಾಲ್ಕೂ ಚಕ್ರ ಇವೆ! ಒಮ್ಮೆ ಸ್ಟಾರ್ಟ್ ಮಾಡಿ ನೋಡಲು ಹೇಳಿದ. ಎಂಜಿನ್ ಗುರ್ ಎಂದಿತು. ಆಂಬುಲೆನ್ಸ್ ಬಿಟ್ಟು ಇಳಿದು, ಜಜ್ಜಿಹೋದ ಕಾರನ್ನೇ ಓಡಿಸಿ ಓಟ ಮುಗಿಸಿದ.

ಹೀಗೆ ಹತ್ತೊಂಬತ್ತು ಸಲ. 1998ಕ್ಕೆ ಇಪ್ಪತ್ತನೆಯ ಪ್ರಯತ್ನ. ವಯಸ್ಸು 46. ಅದಕ್ಕೆ ಮುಂಚಿನ 59 ಓಟಗಳಲ್ಲಿ ಒಂದನ್ನೂ ಗೆದ್ದಿರಲಿಲ್ಲ. ಹಿಂದಿನ ಆಗಸ್ಟಿನಲ್ಲಿ ಡಾರ್ಲಿಂಗ್ಟನ್ ಎಂಬಲ್ಲಿ ಓಟ ಶುರುವಾಗುವ ಹೊತ್ತಿಗೇ ಪ್ರಜ್ಞೆ ಮಸುಕಾಗಿ ಗೋಡೆಗೆ ಗುದ್ದಿದ್ದ. ವೈದ್ಯರು ಎಲ್ಲ ಪರೀಕ್ಷೆ ಮಾಡಿ ಓಡಿಸಬಹುದು ಎಂದರು. ಆದರೂ ಮನೆಯವರಿಗೆ ಹೇಗಾಗಿರಬೇಡ? ಹಗ್ಗ ಜಗ್ಗುವ ವಯಸ್ಸು ಮುಗಿಯಿತು, ಇನ್ನು ಸಾಕು ಎನ್ನುವವರು ಎಲ್ಲ ಊರಲ್ಲೂ ಇರುತ್ತಾರೆ. ನನ್ನ ವಯಸ್ಸಿನ ಓದುಗರಿಗೆ ಅವರ ಪರಿಚಯ ಚೆನ್ನಾಗಿಯೇ ಇರುತ್ತದೆ.

ಇಂಥ ಓಟಕ್ಕೆ ತಯಾರಿ ಎಂದರೆ ಏನು? ಚಾಲಕ ಬಂದು ಕೂತು ಒತ್ತುವುದಷ್ಟೇ ಎಂದುಕೊಂಡಿದ್ದೆ. ಅಲ್ಲ. ಇಲ್ಲಿ ಮೊದಲ ಶತ್ರು ಗಾಳಿ. ಆ ವೇಗದಲ್ಲಿ ಗಾಳಿ ಗೋಡೆಯಂತೆ ಎದುರು ನಿಲ್ಲುತ್ತದೆ. ಹಾಗಾಗಿ ಚಳಿಗಾಲವಿಡೀ ಕಾರಿನ ಮೈಯನ್ನು ತೀಡುತ್ತಾರೆ. ಬಾಗಿಲಿನ ಸಂದು ಬೇಡ ಎಂದು ಬಾಗಿಲೇ ಇಲ್ಲ, ಚಾಲಕ ಕಿಟಕಿಯಿಂದ ತೂರಿಕೊಂಡು ಒಳಗೆ ಹೋಗಬೇಕು. ಗಾಜಿನ ದೀಪ ಒಡೆದರೆ ಚೂರು ರಸ್ತೆಗೆ ಬೀಳುತ್ತದೆ, ಅದಕ್ಕೇ ದೀಪದ ಜಾಗದಲ್ಲಿ ದೀಪದ ಚಿತ್ರ. ಮೊಮ್ಮಗ ಗೆದ್ದ! ಒಳಗೆ ವೇಗ ತೋರಿಸುವ ಮುಳ್ಳೂ ಇರಲಿಲ್ಲ. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂಬುದನ್ನು ನೋಡಿಯೇ ವೇಗ ಅಂದಾಜು ಮಾಡಬೇಕು. "ಹಾಗಾದರೆ ಪೊಲೀಸರು ಹಿಡಿದರೆ ಎಷ್ಟು ಸ್ಪೀಡಲ್ಲಿದ್ದೆ ಅಂತ ಗೊತ್ತೇ ಇಲ್ಲ ಅನ್ನಬಹುದು" ಎಂದು ಮೊಮ್ಮಗ ಉಪಾಯ ಹೇಳಿದ. ಅವನಪ್ಪ ಕಣ್ಣು ಬಿಟ್ಟ.

ಗಾಳಿಯನ್ನು ಶತ್ರುವಾಗಿ ನೋಡದೆ ಗೆಳೆಯನನ್ನಾಗಿ ಮಾಡಿಕೊಂಡವನು ಜೂನಿಯರ್ ಜಾನ್ಸನ್. ಮೊದಲು ರಾತ್ರಿ ಹೊತ್ತು ಕಳ್ಳಭಟ್ಟಿ ಸಾಗಿಸುತ್ತಾ ಪೊಲೀಸರಿಂದ ತಪ್ಪಿಸಿಕೊಳ್ಳುವುದರಲ್ಲೇ ಕಾರು ಓಡಿಸುವುದನ್ನು ಕಲಿತ ಆಸಾಮಿ, ಅದಕ್ಕೆ ಜೈಲಿಗೂ ಹೋಗಿಬಂದಿದ್ದ. 1960ರಲ್ಲಿ ಡೇಟೋನಾಕ್ಕೆ ಬಂದಾಗ ಅವನ ಷೆವರ್ಲೆ ಕಾರು ಇತರರ ಪಾಂಟಿಯಾಕ್‌ಗಳಿಗಿಂತ ನಿಧಾನ. ಅಭ್ಯಾಸದ ವೇಳೆ ಒಂದು ವೇಗದ ಕಾರಿನ ಬೆನ್ನಿಗೆ ಅಂಟಿಕೊಂಡು ಹೋದ. ಆಶ್ಚರ್ಯ! ತನ್ನ ಕಾರೂ ಅಷ್ಟೇ ವೇಗ ಹೋಗುತ್ತಿದೆ. ಮುಂದಿನ ಕಾರು ಗಾಳಿಯನ್ನು ಸೀಳುತ್ತದೆ, ಅದರ ಹಿಂದೆ ಗಾಳಿ ತೆಳುವಾಗಿರುವ ಜಾಗವೊಂದು ಉಂಟಾಗುತ್ತದೆ. ಅದರಲ್ಲಿ ಕೂತರೆ ಪುಕ್ಕಟೆ ಸವಾರಿ. ಇನ್ನೂ ಸ್ವಾರಸ್ಯವೆಂದರೆ ಹಿಂದೆ ಒಬ್ಬ ಅಂಟಿಕೊಂಡರೆ ಮುಂದಿನವನಿಗೂ ಲಾಭ. ಅವನನ್ನು ಬೆನ್ನ ಹಿಂದಿನಿಂದ ಎಳೆಯುವ ಗಾಳಿಯ ಹಿಡಿತ ಸಡಿಲವಾಗುತ್ತದೆ. ಒಂಟಿ ಕಾರಿಗಿಂತ ಜೋಡಿ ಕಾರು ವೇಗ. ಜಾನ್ಸನ್ ಈ ಗುಟ್ಟನ್ನು ಇಟ್ಟುಕೊಂಡು ಆ ವರ್ಷ ಗೆದ್ದೇಬಿಟ್ಟ. ಮಕ್ಕಳೇ, ಸೈಕಲ್ ತೆಗೆದುಕೊಂಡು ಬಸ್ಸಿನ ಹಿಂದೆ ಇದನ್ನು ಪರೀಕ್ಷಿಸಲು ಹೋಗಬೇಡಿ. ನಾನು ಹುಡುಗನಾಗಿದ್ದಾಗ ಹೋಗಿದ್ದೆ. ಬಸ್ಸು ಬ್ರೇಕ್ ಹಾಕಿತು. ಮುಂದಿನ ಹಲ್ಲು ಒಂದು ಆವತ್ತಿನಿಂದ ಅರ್ಧ.

ಹೀಗಾಗಿ ಚಾಲಕ ಓಟಕ್ಕೆ ಮುಂಚಿನ ದಿನಗಳಲ್ಲಿ ತನ್ನ ಕಾರನ್ನು ಮಾತ್ರ ಓದಿದರೆ ಸಾಲದು, ಇತರರನ್ನೂ ಓದಬೇಕು. ಯಾರು ಹಿಂದಿನಿಂದ ಸ್ಥಿರವಾಗಿ ತಳ್ಳುತ್ತಾನೆ, ಯಾರು ಕೊನೆಯ ಗಳಿಗೆಯಲ್ಲಿ ಕೈ ಬಿಟ್ಟು ಬೇರೆ ಸಾಲಿಗೆ ಹಾರುತ್ತಾನೆ, ಎಲ್ಲ ಅಭ್ಯಾಸದಲ್ಲೇ ಗಮನಿಸಿಕೊಳ್ಳಬೇಕು. ಅರ್ನ್‌ಹಾರ್ಟ್‌ಗೆ ಗಾಳಿಯೇ ಕಣ್ಣಿಗೆ ಕಾಣುತ್ತದೆ ಎಂದು ಉಳಿದವರು ಹೇಳುತ್ತಿದ್ದರು. ಚಾಲಕನಿಗೆ ಸರಿಯಾಗಿ ಹಿಂದೆ, ಪಕ್ಕ ಕಾಣುವುದಿಲ್ಲವಾದ್ದರಿಂದ ಪ್ರತಿಯೊಬ್ಬನಿಗೂ ಗ್ಯಾಲರಿಯ ಮಾಡಿನ ಮೇಲೆ ಒಬ್ಬ ಸ್ಪಾಟರ್ ನಿಂತಿರುತ್ತಾನೆ. ದುರ್ಬೀನು, ರೇಡಿಯೊ ಹಿಡಿದು ಒಳಗೆ ಕಾರಿದೆ, ಹೊರಗೆ ಕಾರಿದೆ, ಖಾಲಿ ಎಂದು ಮೂರು ಗಂಟೆ ಕಿವಿಯಲ್ಲಿ ಹೇಳುತ್ತಲೇ ಇರಬೇಕು. ಅವನು ಒಂದು ಸಲ ತಪ್ಪಿದರೆ ಹತ್ತಿಪ್ಪತ್ತು ಕಾರು ಗುಡ್ಡೆ.

ಇನ್ನು ಟೈರ್ ಬದಲಿಸುವ ತಂಡ. ಆಗ ಏಳು ಜನ, ನಾಲ್ಕು ಟೈರ್, ಪೆಟ್ರೋಲ್, ಎಲ್ಲ ಸೇರಿ ಇಪ್ಪತ್ತು ಸೆಕೆಂಡಿನ ಒಳಗೆ. ಈಗ ಐದೇ ಜನ, ಇನ್ನೂ ಬೇಗ. ವಾರಪೂರ್ತಿ ಇದನ್ನೇ ಅಭ್ಯಾಸ ಮಾಡುತ್ತಾರೆ, ಕಬಡ್ಡಿ ತಂಡದ ಹಾಗೆ ವ್ಯಾಯಾಮ ಮಾಡಿಸುತ್ತಾರೆ. ಕಾರಿನ ಒಳಗೆ ಬಿಸಿ 50 ಡಿಗ್ರಿ ದಾಟುತ್ತದೆ, ಮೇಲೆ ಬೆಂಕಿ ತಾಗದ ದಪ್ಪ ಉಡುಪು. ಒಂದು ಓಟದಲ್ಲಿ ಎರಡು ಮೂರು ಕೆ.ಜಿ. ತೂಕ ಬೆವರಾಗಿ ಇಳಿದುಹೋಗುವುದುಂಟು. ಅದಕ್ಕೇ ದಿನಗಳ ಮುಂಚಿನಿಂದಲೇ ನೀರು ಕುಡಿಯುತ್ತಾ ಮೈಯನ್ನು ಸಜ್ಜು ಮಾಡಿಕೊಳ್ಳುತ್ತಾರೆ.

ಎಂಜಿನ್ನಿನ ವಿಷಯದಲ್ಲೊಂದು ತಮಾಷೆ ಇದೆ. ಎಲ್ಲ ಕಡೆ ಶಕ್ತಿ ಹೆಚ್ಚಿಸಲು ಒದ್ದಾಡಿದರೆ ಇಲ್ಲಿ ಬೇಕೆಂದೇ ಕಟ್ಟಿಹಾಕಿದರು. ಕಾರಣ ತಮಾಷೆಯದಲ್ಲ. 1987ರಲ್ಲಿ ಟಾಲಡೇಗಾದಲ್ಲಿ ಬಿಲ್ ಎಲಿಯಟ್ ಗಂಟೆಗೆ 212.809 ಮೈಲಿ, ಅಂದರೆ 342 ಕಿ.ಮೀ. ದಾಟಿದ ವೇಗದಲ್ಲಿ ಒಂದು ಸುತ್ತು ಮುಗಿಸಿದ. ಅದೇ ಓಟದಲ್ಲಿ ಬಾಬಿ ಆಲಿಸನ್‌ನ ಟೈರ್ ಸಿಡಿದು, ಕಾರು ಹಾರಿ, ಪ್ರೇಕ್ಷಕರ ಮುಂದಿನ ತಂತಿಬೇಲಿಯನ್ನು ಹರಿದುಹಾಕಿತು. ಜನರ ನಡುವೆ ಬೀಳದೆ ಪಥಕ್ಕೇ ವಾಪಸ್ ಬಿದ್ದದ್ದು ಪುಣ್ಯ. ಕೆಲವರಿಗೆ ಗಾಯವಾಯಿತು, ಯಾರೂ ಸಾಯಲಿಲ್ಲ. ಆ ಓಟದಲ್ಲಿ ಮುಂದೆ ಹೋಗುತ್ತಿದ್ದವರಲ್ಲಿ ಬಾಬಿಯ ಮಗ ಡೇವಿಯೂ ಇದ್ದ. ಅಪ್ಪನ ಕಾರು ಹಾರಿದ್ದು ಅವನಿಗೆ ಕನ್ನಡಿಯಲ್ಲಿ ಕಂಡಿತು. ಅಪ್ಪನಿಗೇನೂ ಆಗಿಲ್ಲವೆಂದು ತಿಳಿದ ಮೇಲೆ ಓಡಿಸಿ, ಆ ದಿನವೇ ತನ್ನ ಮೊದಲ ದೊಡ್ಡ ಗೆಲುವು ಪಡೆದ.

ಮರುವರ್ಷದಿಂದ ಸೂಪರ್‌ಸ್ಪೀಡ್‌ವೇಗಳಲ್ಲಿ ಎಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿ ನಾಲ್ಕು ಸಣ್ಣ ತೂತಿನ ಒಂದು ತಗಡು ಇಡುವುದು ಕಡ್ಡಾಯವಾಯಿತು. ಮೂಗು ಹಿಡಿದುಕೊಂಡು ಸ್ಟ್ರಾದಲ್ಲಿ ಉಸಿರಾಡುತ್ತಾ ಓಡಿ ನೋಡಿ, ಗೊತ್ತಾಗುತ್ತದೆ. ವೇಗ ಇಳಿಯಿತು, ಆದರೆ ಎಲ್ಲರ ವೇಗವೂ ಒಂದೇ ಆಗಿ ಕಾರುಗಳು ಜೇನಿನ ಹಿಂಡಿನಂತೆ ಒಟ್ಟಾದವು. ಒಬ್ಬ ಜಾರಿದರೆ ಹಿಂದಿರುವ ಎಲ್ಲರೂ ಬಂದು ಗುದ್ದುತ್ತಾರೆ. ಒಂದು ಭಯವನ್ನು ಕಳೆಯಲು ಹೋಗಿ ಇನ್ನೊಂದನ್ನು ತಂದುಕೊಂಡರು ಎಂದೇ ನನಗನಿಸುತ್ತದೆ. 2019ರಲ್ಲಿ ಆ ತಗಡಿನ ಬದಲು ಬೇರೆ ಸಾಧನ ಬಂತು, ಹಿಂಡು ಮಾತ್ರ ಹಾಗೇ ಉಳಿದಿದೆ.

1998ರ ಆ ವಾರಕ್ಕೆ ಮರಳೋಣ. ಗುರುವಾರದ ಅರ್ಹತಾ ಓಟವನ್ನು ಅರ್ನ್‌ಹಾರ್ಟ್ ಗೆದ್ದ. ಅದರಲ್ಲಿ ಹೊಸದೇನಿಲ್ಲ, 1990ರಿಂದಲೂ ಪ್ರತಿ ವರ್ಷ ಗುರುವಾರ ಗೆದ್ದು ಭಾನುವಾರ ಸೋಲುವುದು ಅವನ ಹಣೆಬರಹ. ಭಾನುವಾರಕ್ಕೆ ಮುಂಚೆ ಅವನನ್ನು ನೋಡಲು ಆರು ವರ್ಷದ ಒಬ್ಬಳು ಹುಡುಗಿ ಬಂದಳು. ಬೆನ್ನುಹುರಿಯ ಹುಟ್ಟುತೊಂದರೆಯಿಂದ ಗಾಲಿಕುರ್ಚಿಯಲ್ಲಿದ್ದ ಮಗು. ಅವಳ ಕೈಯಲ್ಲೊಂದು ಪೆನ್ನಿ. ಅಮೆರಿಕದ ನಾಣ್ಯಗಳಲ್ಲೇ ಬೆಲೆಯಲ್ಲಿ ಚಿಕ್ಕದು, ನಮ್ಮ ಹಳೆಯ ಒಂದು ಪೈಸೆ ಇದ್ದ ಹಾಗೆ. ಇದನ್ನು ಉಜ್ಜಿ ತಂದಿದ್ದೇನೆ, ಈ ಸಲ ನೀನೇ ಗೆಲ್ಲುವುದು ಎಂದು ಕೊಟ್ಟಳು. ಎದುರಾಳಿಗಳನ್ನು ಗುದ್ದಿ ಪಕ್ಕಕ್ಕೆ ತಳ್ಳುವವನೆಂದು ಹೆಸರಾದ ಆ ಗಡಸು ಮೀಸೆಯ ಮನುಷ್ಯ ನೇರ ಹೋಗಿ, ಅಂಟು ಹುಡುಕಿ, ಅದನ್ನು ಕಾರಿನ ಡ್ಯಾಶ್‌ಬೋರ್ಡಿಗೆ ಅಂಟಿಸಿದ.

ಈ ಲೋಕದಲ್ಲಿ ನಂಬಿಕೆಗಳಿಗೆ ಬರವಿಲ್ಲ. ಹಳಬರಿಗೆ ಹಸಿರು ಬಣ್ಣದ ಕಾರು ಅಪಶಕುನ. ಸಿಪ್ಪೆಯಿರುವ ಕಡಲೆಕಾಯಿ ಕಾರಿನ ಹತ್ತಿರ ತರಕೂಡದು. ಬಸವನಗುಡಿಯ ಪರಿಷೆಗೆ ಬಂದಿದ್ದರೆ ಇವರ ಗತಿ ಏನಾಗುತ್ತಿತ್ತೋ. ಆಯುಧಪೂಜೆಯ ದಿನ ಚಕ್ರದ ಕೆಳಗೆ ನಿಂಬೆಹಣ್ಣು ಇಡುವ ನಾವು ನಗುವ ಹಾಗೂ ಇಲ್ಲ ಬಿಡಿ. ನನಗೆ ಅದೃಷ್ಟದ ನಾಣ್ಯದಲ್ಲಿ ನಂಬಿಕೆಯಿಲ್ಲ. ಆದರೆ ಮಗು ಕೊಟ್ಟದ್ದನ್ನು ಜೇಬಿಗೆ ಹಾಕಿ ಮರೆತುಬಿಡದೆ ಅಂಟು ಹುಡುಕಿಕೊಂಡು ಹೋದನಲ್ಲ, ಅದು ನನಗೆ ಹಿಡಿಸಿತು.

ಫೆಬ್ರವರಿ 15, ಭಾನುವಾರ. ನಾಲ್ಕನೆಯವನಾಗಿ ಹೊರಟ ಅರ್ನ್‌ಹಾರ್ಟ್ 107 ಸುತ್ತು ಮುಂದಿದ್ದ. ಇನ್ನೇನು ಎರಡು ಸುತ್ತು ಎನ್ನುವಾಗ ಹಿಂದೆ ಎರಡು ಕಾರು ಡಿಕ್ಕಿ. ಅಪಘಾತವಾದರೆ ಹಳದಿ ಬಾವುಟ. ಆಗಿನ ನಿಯಮದಂತೆ, ಆ ಬಾವುಟ ಹಾರುವ ಗೆರೆಯನ್ನು ಮೊದಲು ದಾಟಿದವನು ಮುಂದೆ, ಆಮೇಲಿನ ಕೊನೆಯ ಸುತ್ತನ್ನು ಎಲ್ಲರೂ ನಿಧಾನವಾಗಿ ಸಾಲಾಗಿ ಮುಗಿಸಬೇಕು. ಅಂದರೆ ಹಳದಿ ಗೆರೆಗೇ ನಿಜವಾದ ಓಟ. ಬೆನ್ನಿಗೆ ಬಾಬಿ ಲಬಾಂಟೆ. ಅರ್ನ್‌ಹಾರ್ಟ್ ಮೊದಲು ದಾಟಿದ. ಆಮೇಲೆ ಒಂದು ಸುತ್ತು, ಏನೂ ಕೆಡದಿರಲಿ ಎಂದು ಲಕ್ಷ ಜನ ಉಸಿರು ಬಿಗಿಹಿಡಿದ ಒಂದು ಸುತ್ತು. ಟೈರ್ ಸಿಡಿಯಲಿಲ್ಲ. ಹಕ್ಕಿ ಬರಲಿಲ್ಲ.

ಮುಂದಿನದನ್ನು ಮೊಮ್ಮಗ ಕಂಪ್ಯೂಟರಿನಲ್ಲಿ ಹಾಕಿ ತೋರಿಸಿದ. ಕಪ್ಪು ಕಾರು ಮೆಲ್ಲಗೆ ಬರುತ್ತಿದೆ. ದಾರಿಯುದ್ದಕ್ಕೂ ಎದುರಾಳಿ ತಂಡಗಳ ಕೆಲಸಗಾರರೆಲ್ಲ ಸಾಲಾಗಿ ನಿಂತಿದ್ದಾರೆ. ವರ್ಷವಿಡೀ ಇವನನ್ನು ಸೋಲಿಸಲು ದುಡಿದವರು. ಒಬ್ಬೊಬ್ಬರೇ ಕಿಟಕಿಗೆ ಕೈ ಚಾಚುತ್ತಾರೆ, ಇವನು ಎಲ್ಲರ ಕೈ ಮುಟ್ಟುತ್ತಾ ಹೋಗುತ್ತಾನೆ. ಆಮೇಲೆ ಹುಲ್ಲಿಗೆ ಕಾರು ನುಗ್ಗಿಸಿ ಗಿರಗಿರ ತಿರುಗಿಸಿದ. ಹುಲ್ಲಿನಲ್ಲಿ 3ರ ಆಕಾರ ಮೂಡಿತು. ನಾನು ಅದನ್ನು ಎರಡು ಸಲ ಹಾಕಿಸಿ ನೋಡಿದೆ.

"ಆಮೇಲೆ ಅವನು ಏನಾದ?" ಎಂದು ಕೇಳಿದೆ. ಮೊಮ್ಮಗ ಸುಮ್ಮನಾದ. ಉತ್ತರವನ್ನು ಅವನ ಅಪ್ಪ ಹೇಳಿದ.

2001ರ ಫೆಬ್ರವರಿ 18, ಅದೇ ಓಟ, ಕೊನೆಯ ಸುತ್ತು. ಮೊದಲೆರಡು ಕಾರು ಅರ್ನ್‌ಹಾರ್ಟ್‌ನ ಸ್ವಂತ ತಂಡದವು, ಅದರಲ್ಲಿ ಎರಡನೆಯದನ್ನು ಓಡಿಸುತ್ತಿದ್ದವನು ಮಗ ಡೇಲ್ ಜೂನಿಯರ್. ಮೂರನೆಯವನಾಗಿ ಅಪ್ಪ. ನಾಲ್ಕನೇ ತಿರುವಿನಲ್ಲಿ ಇನ್ನೊಂದು ಕಾರು ತಾಗಿ ಗೋಡೆಗೆ ಬಡಿಯಿತು. ನೋಡುವವರಿಗೆ ಅಂಥ ಘೋರ ಅಪಘಾತವೆನಿಸಲಿಲ್ಲ. ಆದರೆ ಬೆಲ್ಟು ಮೈಯನ್ನು ಹಿಡಿದಿಟ್ಟಿತು, ತಲೆಯನ್ನು ಹಿಡಿಯುವುದು ಯಾವುದೂ ಇರಲಿಲ್ಲ. ತಲೆಬುಡದ ಮೂಳೆ ಮುರಿದು ಹೋಗಿಬಿಟ್ಟ. 49 ವರ್ಷ.

ಹಿಂದಿನ ವರ್ಷವೂ ಗೋಡೆಗೆ ಬಡಿದು ಸತ್ತವರಿದ್ದರು. ಅವರಲ್ಲೊಬ್ಬ 19ರ ಹುಡುಗ ಆಡಮ್ ಪೆಟ್ಟಿ. ಮೊದಲ ಡೇಟೋನಾ 500 ಗೆದ್ದ ಲೀ ಪೆಟ್ಟಿಯ ಮರಿಮಗ. ಒಂದೇ ಮನೆಯ ನಾಲ್ಕನೇ ತಲೆಮಾರು.

ಬೇಸರದ ಸಂಗತಿಯೆಂದರೆ ತಲೆ ಉಳಿಸುವ ಸಾಧನ ಆಗಲೇ ಇತ್ತು. ಮಿಷಿಗನ್‌ನ ಪ್ರಾಧ್ಯಾಪಕ ರಾಬರ್ಟ್ ಹಬ್ಬರ್ಡ್ ಮತ್ತು ಅವನ ಭಾವಮೈದುನ, ಓಟದ ಚಾಲಕ ಜಿಮ್ ಡೌನಿಂಗ್, ಗೆಳೆಯನೊಬ್ಬನ ಸಾವನ್ನು ಕಂಡ ಮೇಲೆ 1980ರ ದಶಕದಲ್ಲೇ ಅದನ್ನು ರೂಪಿಸಿದ್ದರು. ಭುಜದ ಮೇಲೆ ಕೂರುವ ನೊಗದಂಥ ವಸ್ತು, ಅದರಿಂದ ಹೆಲ್ಮೆಟ್ಟಿಗೆ ಎರಡು ಪಟ್ಟಿ. ಹೆಸರು ಹ್ಯಾನ್ಸ್. ಹಾಕಿಕೊಂಡರೆ ಇರುಸುಮುರುಸು ಎಂದು ಹೆಚ್ಚಿನವರು ದೂರವಿಟ್ಟರು. ಅರ್ನ್‌ಹಾರ್ಟ್‌ಗೂ ಬೇಡವಾಗಿತ್ತು, ಮುಖ ಮುಚ್ಚದ ಹಳೆಯ ಹೆಲ್ಮೆಟ್ಟೇ ಅವನಿಗೆ ಪ್ರೀತಿ. ಅವನು ಹೋದ ವರ್ಷ ಅಕ್ಟೋಬರಿನಲ್ಲಿ ಇಂಥ ಸಾಧನ ಕಡ್ಡಾಯವಾಯಿತು. ಮರುವರ್ಷದಿಂದ ಕಾಂಕ್ರೀಟ್ ಗೋಡೆಗಳ ಮುಂದೆ ಉಕ್ಕಿನ ಕೊಳವೆ, ಹಿಂದೆ ಫೋಮ್ ಇಟ್ಟ ಮೆತ್ತನೆಯ ಗೋಡೆ ಬಂತು. ನೆಬ್ರಾಸ್ಕ ವಿಶ್ವವಿದ್ಯಾಲಯದ ಎಂಜಿನಿಯರುಗಳು ಮಾಡಿದ್ದು. ಅಲ್ಲಿಂದೀಚೆಗೆ ಆ ಮುಖ್ಯ ಸರಣಿಯ ಓಟದಲ್ಲಿ ಯಾವ ಚಾಲಕನೂ ಸತ್ತಿಲ್ಲ. 2020ರ ಡೇಟೋನಾದಲ್ಲಿ ರಯನ್ ನ್ಯೂಮನ್‌ನ ಕಾರು ಹಾರಿ ತಲೆಕೆಳಗಾಗಿ ಬಿದ್ದಾಗ ಎಲ್ಲರೂ ಆಸೆ ಬಿಟ್ಟಿದ್ದರು. ಎರಡು ದಿನಕ್ಕೆ ಅವನು ಇಬ್ಬರು ಪುಟ್ಟ ಹೆಣ್ಣುಮಕ್ಕಳ ಕೈ ಹಿಡಿದು ಆಸ್ಪತ್ರೆಯಿಂದ ನಡೆದುಕೊಂಡೇ ಹೊರಬಂದ.

ಡೇಲ್ ಜೂನಿಯರ್ ಅಪ್ಪ ತೀರಿಕೊಂಡ ಪಥಕ್ಕೆ ಮತ್ತೆ ಮತ್ತೆ ಬಂದ. 2004ರಲ್ಲಿ ಡೇಟೋನಾ 500 ಗೆದ್ದ. ಅಪ್ಪನಿಗೆ ಇಪ್ಪತ್ತು ಸಲ ಬೇಕಾದದ್ದು ಮಗನಿಗೆ ಐದನೆಯ ಸಲಕ್ಕೇ ಸಿಕ್ಕಿತು. ಆ ದಿನವೂ ಫೆಬ್ರವರಿ 15. ಪೆನ್ನಿ ಅಂಟಿಸಿದ ಕಪ್ಪು ಕಾರು ಈಗ ಉತ್ತರ ಕೆರೊಲಿನಾದಲ್ಲಿ ಆ ತಂಡದ ವಸ್ತುಸಂಗ್ರಹಾಲಯದಲ್ಲಿದೆ. ನಾಣ್ಯ ಕಿತ್ತಿಲ್ಲ.

ನಾವು ಡೇಟೋನಾದಿಂದ ಹೊರಟಾಗ ಕತ್ತಲಾಗುತ್ತಿತ್ತು. ಹಿಂದಿನ ಸೀಟಿನಲ್ಲಿ ಮೊಮ್ಮಗನಿಗೆ ಇನ್ನೊಂದು ಯೋಚನೆ. "ಸ್ಟಿಕರ್ ಲೈಟ್ ಇಟ್ಕೊಂಡು ರಾತ್ರಿ ಹೇಗೆ ಓಡಿಸ್ತಾರೆ?" ಇದಕ್ಕೆ ಮಾತ್ರ ನನ್ನ ಹತ್ತಿರ ಉತ್ತರವಿತ್ತು, ಗೈಡ್ ಹೇಳಿದ್ದನ್ನು ಕೇಳಿಸಿಕೊಂಡಿದ್ದೆ. ಅದೇ 1998ರಲ್ಲಿ ಪಥಕ್ಕೆಲ್ಲ ದೀಪ ಹಾಕಿದರಂತೆ. ಜುಲೈಯಲ್ಲಿ ಮೊದಲ ರಾತ್ರಿ ಓಟ ನಡೆಯಬೇಕಿತ್ತು, ಫ್ಲಾರಿಡಾದ ಕಾಡ್ಗಿಚ್ಚಿನ ದೆಸೆಯಿಂದ ಅಕ್ಟೋಬರಿಗೆ ಹೋಯಿತು. ಅವನು ಎಲ್ಲ ಕೇಳಿಸಿಕೊಂಡು, ಆಟಿಕೆ ಕಾರನ್ನು ಕಿಟಕಿಯ ಅಂಚಿನ ಮೇಲೆ ಓಡಿಸುತ್ತಾ ಓಡಿಸುತ್ತಾ ನಿದ್ದೆಹೋದ.